ಪವಾಡದ ಅಂಚಿನಲ್ಲಿ ಗಾಣಗಾಪುರ

1895ರ ಡಿಸೆಂಬರ್ 28ರಂದು ಪ್ಯಾರಿಸಿನ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರು ದುಡ್ಡು ಕೊಟ್ಟು ಬಂದವರಿಗೆ ತಮ್ಮ ಪುಟ್ಟ ಪುಟ್ಟ ಚಿತ್ರಗಳನ್ನು ತೋರಿಸಿದರು. ಅವುಗಳಲ್ಲಿ ಒಂದರಲ್ಲಿ ತಂದೆ ತಾಯಿ ಕೂತು ಮಗುವಿಗೆ ಉಣಿಸುತ್ತಾರೆ. ನೋಡಿದವರನ್ನು ಬೆರಗುಗೊಳಿಸಿದ್ದು ಮಗುವಿಗಿಂತ ಹೆಚ್ಚಾಗಿ ಅದರ ಹಿಂದೆ ಗಾಳಿಗೆ ಅಲುಗುತ್ತಿದ್ದ ಎಲೆಗಳು ಎಂದು ಸಿನಿಮಾದ ಚರಿತ್ರೆ ಬರೆದವರು ಹೇಳುತ್ತ ಬಂದಿದ್ದಾರೆ. ಆ ಎಲೆಗಳನ್ನು ಯಾರೂ ಚಿತ್ರಿಸಲು ಹೊರಟಿರಲಿಲ್ಲ, ಅವು ತಾವಾಗಿ ಬಂದು ಸೇರಿದ್ದವು. ಜನ ಮತ್ತೆ ಮತ್ತೆ ನೋಡುವ ಎಲ್ಲ ದೃಶ್ಯಗಳಲ್ಲೂ ಹೀಗೇ ಆಗುತ್ತದೆ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಹತ್ತಾರು ಸಲ ನೋಡಿದವರಿದ್ದರು. ಮೊದಲ ಸಲ ಕಣ್ಣು ರಾಜಕುಮಾರರನ್ನು ಬಿಟ್ಟು ಕದಲುವುದಿಲ್ಲ. ಕಥೆ ಬಾಯಿಪಾಠವಾದ ಮೇಲೆ, ಮುಂದೇನು ಎಂಬ ಆತುರ ತಣಿದ ಮೇಲೆ, ನೋಟ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಆಗ ಹೊಲ, ಎತ್ತು, ಮನೆಯ ಗೋಡೆ, ಹಿಂದೆ ನಿಂತ ಕೂಲಿಯವರ ಬಟ್ಟೆ ಕಾಣತೊಡಗುತ್ತವೆ. ದೃಶ್ಯದ ನಡುವೆ ಏನಿರಬೇಕೆಂದು ನಿರ್ಧರಿಸುವವನು ನಿರ್ದೇಶಕ. ಅಂಚಿನಲ್ಲಿ ಮಾತ್ರ ಆ ಕಾಲವೇ ಬಂದು ಕೂತಿರುತ್ತದೆ.

ಭೀಮಾ ಮತ್ತು ಅಮರಜಾ ನದಿಗಳು ಕೂಡುವ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೀಗೆ ಮತ್ತೆ ಮತ್ತೆ ನೋಡುವಂಥ ದೃಶ್ಯಗಳು ಸುಮಾರು ಐದು ನೂರು ವರ್ಷಗಳಿಂದ ಇವೆ. ಅವಿರುವುದು ‘ಗುರುಚರಿತ್ರೆ’ಯಲ್ಲಿ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಗಳು 15ನೆಯ ಶತಮಾನದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಈ ಊರಲ್ಲಿದ್ದರು. ಅವರ ಕಥೆಯನ್ನು ಓವಿ ಎಂಬ ಮರಾಠಿ ಪದ್ಯಗಳಲ್ಲಿ ಬರೆದ ಸರಸ್ವತಿ ಗಂಗಾಧರ, ಆಳಂದ ತಾಲ್ಲೂಕಿನ ಕಡಗಂಚಿಯ ಸಾಯಂದೇವನ ವಂಶದವನು. ಸಾಯಂದೇವ ಸ್ವತಃ ಗುರುವಿನ ಶಿಷ್ಯ. ಅವನ ಮಗ ನಾಗನಾಥ, ಮೊಮ್ಮಗ ದೇವರಾವ್, ಅವನ ಮಗ ಗಂಗಾಧರ, ಅವನ ಮಗ ಸರಸ್ವತಿ. ಈ ಗ್ರಂಥವನ್ನು ಒಮ್ಮೆ ಓದಿ ಮಡಚಿಡುವ ವಾಡಿಕೆಯಿಲ್ಲ. ಏಳು ದಿನದ ಸಪ್ತಾಹದಲ್ಲಿ ಇಡೀ ಗ್ರಂಥದ ಪಾರಾಯಣವಾಗುತ್ತದೆ, ವರ್ಷ ತುಂಬಿದರೆ ಮತ್ತೆ ಮೊದಲಿನಿಂದ. ಒಂದು ರೂಢಿಯ ಪ್ರಕಾರ ಮೂರನೆಯ ದಿನದ ಓದು ಆರಂಭವಾಗುವುದು 22ನೆಯ ಅಧ್ಯಾಯದಿಂದ, ಅಂದರೆ ಗುರು ಗಾಣಗಾಪುರಕ್ಕೆ ಬಂದ ಕಥೆಯಿಂದ. ಕಥೆಯೇನೋ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಅದರ ನಡುವಿನ ಪವಾಡ ಮಾತ್ರ ಉಳಿದು ಸುತ್ತಲಿನದು ಮಸುಕಾಗಿದೆ. ಗ್ರಂಥದ ಕೊನೆಗೆ ಸೇರಿರುವ ಅವತರಣಿಕೆ ಎಂಬ ಸಾರಾಂಶದ ಅಧ್ಯಾಯವನ್ನು ನೋಡಿದರೆ ಈ ಮಸುಕು ಹೇಗೆ ಕವಿಯುತ್ತದೆ ಎಂದು ತಿಳಿಯುತ್ತದೆ. ಅಧ್ಯಾಯಕ್ಕೊಂದು ಪವಾಡ, ಪವಾಡಕ್ಕೊಂದೆರಡು ಸಾಲು, ಅಷ್ಟೇ. ಗೋಡೆಗೆ ತೂಗುಹಾಕುವ ಪಟಗಳೂ ಇದನ್ನೇ ಮಾಡುತ್ತವೆ. ಗಾಣಗಾಪುರದ ಚರಿತ್ರೆ ಬೇಕಾದವರು ಸಾರಾಂಶದಿಂದ ಬಿದ್ದುಹೋದದ್ದನ್ನೇ ಹುಡುಕಬೇಕು ಎಂಬುದು ನನ್ನ ವಾದ. ಬರೆದವನು ಸಾಕ್ಷಿ ಹೇಳುತ್ತೇನೆಂದು ಹೇಳದ ಕಡೆಯೇ ಅವನ ಸಾಕ್ಷಿ ಗಟ್ಟಿಯಾಗಿದೆ.

ಮೊದಲು ಆ 22ನೆಯ ಅಧ್ಯಾಯವನ್ನೇ ನೋಡೋಣ. ಸಂಗಮದಲ್ಲಿದ್ದ ಗುರು ನಡುಹಗಲಲ್ಲಿ ಊರೊಳಗೆ ಭಿಕ್ಷೆಗೆ ಬರುತ್ತಾರೆ. ಉಳ್ಳವರ ಮನೆಗಳನ್ನು ಬಿಟ್ಟು ಒಬ್ಬ ಬಡ ಬ್ರಾಹ್ಮಣನ ಬಾಗಿಲಲ್ಲಿ ನಿಲ್ಲುತ್ತಾರೆ. ಯಜಮಾನ ತಾನೇ ಭಿಕ್ಷೆಗೆ ಹೋಗಿದ್ದಾನೆ, ಮನೆಯಲ್ಲಿ ಹೆಂಡತಿ ಮಾತ್ರ ಇದ್ದಾಳೆ. ಗುರು ಹಾಲು ಕೇಳುತ್ತಾರೆ. ಮನೆಯಲ್ಲಿರುವುದು ಮುದಿ ಗೊಡ್ಡು ಎಮ್ಮೆ ಎಂದು ಅವಳು ಹೇಳಿಕೊಳ್ಳುತ್ತಾಳೆ. ಕರೆದು ನೋಡು ಎಂದಾಗ ಕರೆಯುತ್ತಾಳೆ, ಪಾತ್ರೆ ತುಂಬುತ್ತದೆ. ಪಟದಲ್ಲಿ ಕಾಣುವುದು ಇಷ್ಟು: ಗುರು, ಹೆಂಗಸು, ಎಮ್ಮೆ, ಹಾಲು. ಕಥೆಯಲ್ಲಿ ಇನ್ನೊಂದು ಮಾತಿದೆ. ಹಾಲು ಕೊಡದ ಎಮ್ಮೆಯನ್ನು ಆ ಬಡವರು ಏಕೆ ಇಟ್ಟುಕೊಂಡಿದ್ದರು? ಅದಕ್ಕೆ ಮೂಗುದಾರ ಹಾಕಿ ಸವಳು ಮಣ್ಣು ಹೊರಲು ಬಾಡಿಗೆಗೆ ಕೊಡುತ್ತಿದ್ದರು. ಆ ಬಾಡಿಗೆಯೂ ಭಿಕ್ಷೆಯೂ ಸೇರಿ ಅವರ ಸಂಸಾರ ನಡೆಯುತ್ತಿತ್ತು. ಈ ಒಂದು ಮಾತಿನಲ್ಲಿ ಎಷ್ಟೊಂದು ಸಂಗತಿಗಳು ಅಡಗಿವೆ! ಊರಲ್ಲಿ ದಿನಬಾಡಿಗೆಗೆ ದನ ಕೊಡುವ, ಕೊಳ್ಳುವ ವ್ಯವಹಾರವಿತ್ತು. ಮಣ್ಣು ಹೊರಿಸುವ ಕೆಲಸ ಬಾಡಿಗೆ ಕೊಟ್ಟು ಮಾಡಿಸುವಷ್ಟು ದೊಡ್ಡದಿತ್ತು. ಓದು ಬಲ್ಲ ಜಾತಿಯ ಮನೆಯೂ ಹೇರು ಹೊರುವ ಪಶುವಿನ ದುಡಿಮೆಯಿಂದ ಬದುಕಬೇಕಾದಷ್ಟು ಬಡವಾಗಿರಬಹುದಿತ್ತು. ಸವಳು ಮಣ್ಣಿಗೆ ಈ ಸೀಮೆಯಲ್ಲಿ ಹಲವು ಉಪಯೋಗಗಳಿದ್ದವು. ಬಟ್ಟೆ ಒಗೆಯಲು ಅದೇ ಬೇಕು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳ ಮೇಲೆ ಮಳೆಗಾಲಕ್ಕೆ ಮುಂಚೆ ಹರವುವುದೂ ಅದನ್ನೇ, ನೀರು ಸೋರದಿರಲಿ ಎಂದು. ಆ ಎಮ್ಮೆಯ ಬೆನ್ನ ಮೇಲಿನ ಮಣ್ಣು ಯಾವ ಕೆಲಸಕ್ಕೆ ಹೋಗುತ್ತಿತ್ತೋ, ಅಂತೂ ನದಿದಂಡೆಯ ಮಣ್ಣು, ಊರ ದುಡಿಮೆ ಮತ್ತು ಬಡವರ ಒಲೆಗಳನ್ನು ಒಂದೇ ಹಗ್ಗ ಕಟ್ಟಿ ಹಿಡಿದಿತ್ತು.

ಮುಂದಿನ ಅಧ್ಯಾಯ ಇನ್ನೂ ಸ್ವಾರಸ್ಯದ್ದು. ಗುರು ಮೊದಲು ಊರಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದವರು. ಅವರ ಮಹಿಮೆ ಊರಿಗೆ ತಿಳಿದದ್ದು ಹೇಗೆ? ಮರುದಿನ ಎಂದಿನಂತೆ ಎಮ್ಮೆಯನ್ನು ಮಣ್ಣಿಗೆ ಕೇಳಲು ಬಂದವರಿಂದ. ಇನ್ನು ಕೊಡಲಾಗದು, ಎಮ್ಮೆ ಹಾಲು ಕೊಡುತ್ತಿದೆ ಎಂದರೆ ಅವರು ನಂಬಲಿಲ್ಲ. ಕಣ್ಣಾರೆ ಕಂಡು ಊರೆಲ್ಲ ಹೇಳಿದರು, ಮಾತು ಊರ ಅಧಿಕಾರಿಯ ಕಿವಿಗೆ ಬಿತ್ತು. ಅವನು ಸಂಗಮಕ್ಕೆ ಹೋಗಿ ಬೇಡಿಕೊಂಡು ಗುರುವನ್ನು ಮೆರವಣಿಗೆಯಲ್ಲಿ ಕರೆತಂದ, ಮಠ ಕಟ್ಟಿಸಿದ. ಇಂದು ಲಕ್ಷಾಂತರ ಜನ ಪಾದುಕೆಯ ದರ್ಶನಕ್ಕೆ ಬರುವ ಮಠದ ಆರಂಭವನ್ನು ಗ್ರಂಥ ಹೀಗೆ ಹೇಳುತ್ತದೆ. ಪಂಡಿತರು ಚರ್ಚೆ ಮಾಡಿ ಗುರುವನ್ನು ಗುರುತಿಸಿದರು ಎಂದು ಬರೆಯಬಹುದಿತ್ತು, ರಾಜನಿಗೆ ಕನಸು ಬಿತ್ತು ಎಂದೂ ಬರೆಯಬಹುದಿತ್ತು. ಚರಿತ್ರಕಾರ ಅದನ್ನು ಮಣ್ಣು ಹೊರಿಸುವವರ ಬಾಯಲ್ಲಿ ಇಟ್ಟ. ಸುದ್ದಿ ನಡೆದ ದಾರಿ ಮನೆಯ ಬಾಗಿಲಿನಿಂದ ಕೆಲಸದ ಜಾಗಕ್ಕೆ, ಅಲ್ಲಿಂದ ಅಧಿಕಾರಿಯ ಚಾವಡಿಗೆ. ಆ ಕಾಲದ ಊರೊಂದರಲ್ಲಿ ಮಾತು ಹೇಗೆ ಹರಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಶಾಸನಗಳಲ್ಲಿ ಸಿಗುವುದಿಲ್ಲ, ಏಕೆಂದರೆ ಶಾಸನ ದಾನ ಕೊಟ್ಟವನ ಮಾತು.

ಎರಡನೆಯ ದೃಶ್ಯ 47ನೆಯ ಅಧ್ಯಾಯದ ಜೋಳದ ಹೊಲ. ಗುರು ದಿನಾ ಬೆಳಿಗ್ಗೆ ಮಠದಿಂದ ಸಂಗಮಕ್ಕೆ ಅನುಷ್ಠಾನಕ್ಕೆ ಹೋಗಿ ಮಧ್ಯಾಹ್ನ ಮರಳುತ್ತಿದ್ದರು. ಆ ದಾರಿ ಈಗಲೂ ಇದೆ, ಯಾತ್ರಿಕರು ಈಗಲೂ ಓಡಾಡುತ್ತಾರೆ. ದಾರಿಯ ಪಕ್ಕದ ಹೊಲದ ಒಕ್ಕಲಿಗ ಪರ್ವತೇಶ ಹೋಗುವಾಗೊಮ್ಮೆ ಬರುವಾಗೊಮ್ಮೆ ಕೆಲಸ ಬಿಟ್ಟು ಓಡಿಬಂದು ಅಡ್ಡಬೀಳುತ್ತಾನೆ. ಒಂದು ದಿನ ಗುರು ಹೊಲದ ಹಸಿ ಜೋಳವನ್ನು ತಾವು ಮರಳುವುದರೊಳಗೆ ಕೊಯ್ದುಬಿಡು ಎನ್ನುತ್ತಾರೆ. ಅವನು ಕುಡುಗೋಲಿಗೆ ಕೈ ಹಾಕುವ ಮೊದಲು ಎಲ್ಲಿಗೆ ಹೋದ ಎಂಬುದನ್ನು ಓದುಗರು ಹಾರಿಸಿಬಿಡುತ್ತಾರೆ. ಅವನು ಹೋದದ್ದು ಅಧಿಕಾರಿಯ ಬಳಿಗೆ. ಹೋದ ವರ್ಷ ಸಂದ ಧಾನ್ಯದ ಎರಡರಷ್ಟು ಕೊಡುತ್ತೇನೆ, ಪೈರು ಕೊಯ್ಯಲು ಒಪ್ಪಿಗೆ ಬೇಕು ಎಂದು ಕರಾರು ಮಾಡಿಕೊಂಡ. ಅಂದರೆ ಹೊಲ ಉತ್ತವನದಾದರೂ ನಿಂತ ಪೈರಿನ ಮೇಲೆ ರಾಜ್ಯದ ಹಕ್ಕಿತ್ತು, ಒಪ್ಪಿಗೆಯಿಲ್ಲದೆ ಕೊಯ್ಯುವಂತಿರಲಿಲ್ಲ. ಕಂದಾಯ ನಾಣ್ಯದಲ್ಲಲ್ಲ, ಧಾನ್ಯದಲ್ಲಿ ಸಲ್ಲುತ್ತಿತ್ತು, ಹಿಂದಿನ ವರ್ಷದ ಲೆಕ್ಕ ಮುಂದಿನ ವರ್ಷಕ್ಕೆ ಆಧಾರವಾಗುತ್ತಿತ್ತು. ಹೆಂಡತಿ ಮಕ್ಕಳು ಅಡ್ಡ ಬರುತ್ತಾರೆ, ಅವನು ಕೇಳುವುದಿಲ್ಲ. ಆಗ ಅವಳು ಅದೇ ಅಧಿಕಾರಿಯ ಬಾಗಿಲಿಗೆ ಹೋಗಿ ದೂರು ಕೊಡುತ್ತಾಳೆ. ಒಕ್ಕಲಿಗನ ಹೆಂಡತಿ ಗಂಡನ ಮೇಲೆ ದೂರು ತೆಗೆದುಕೊಂಡು ಆ ಬಾಗಿಲಿಗೆ ಹೋಗಬಹುದಾಗಿತ್ತು ಎಂಬ ಈ ಸಂಗತಿ ಪವಾಡಕ್ಕೆ ಯಾವ ರೀತಿಯಲ್ಲೂ ಬೇಕಾಗಿರಲಿಲ್ಲ. ಅದಕ್ಕೇ ಅದು ಬೆಲೆಯುಳ್ಳದ್ದು.

ಆಮೇಲಿನದು ಪವಾಡ. ಚಳಿಗಾಳಿ ಬೀಸಿ ಊರಿನ ಬೆಳೆಯೆಲ್ಲ ಹಾಳಾಗುತ್ತದೆ. ಮೂಲಾ ನಕ್ಷತ್ರದಲ್ಲಿ ಅಕಾಲದ ಮಳೆ ಸುರಿಯುತ್ತದೆ. ಪರ್ವತೇಶ ಗೇಣುದ್ದ ಬಿಟ್ಟು ಕೊಯ್ದ ಕೂಳೆ ಚಿಗುರಿ ಒಂದೊಂದಕ್ಕೆ ಹನ್ನೊಂದು ಕವಲೊಡೆದು ತೆನೆ ತುಂಬಿ ನಿಲ್ಲುತ್ತದೆ. ಕೊಯ್ದ ಜೋಳದ ಕೂಳೆ ನೀರು ಸಿಕ್ಕರೆ ಚಿಗುರುತ್ತದೆ ಎಂಬುದು ಜೋಳ ಬೆಳೆಯುವ ಎಲ್ಲರಿಗೂ ಗೊತ್ತು. ಇದನ್ನು ಹೇಳಿ ಪವಾಡವನ್ನು ಬಿಡಿಸಿಹಾಕುವುದು ನನ್ನ ಉದ್ದೇಶವಲ್ಲ. ಕೂಳೆ ಚಿಗುರುವುದು ಒಂದು, ಊರೇ ಬರಿದಾದಾಗ ಒಬ್ಬನ ಹೊಲ ನೂರುಪಟ್ಟು ಬೆಳೆಯುವುದು ಇನ್ನೊಂದು. ಬರೆದವನಿಗೆ ಹೊಲ ಗೊತ್ತಿತ್ತು ಎಂಬುದನ್ನಷ್ಟೇ ನಾನು ತೋರಿಸಬಯಸುವುದು. ಮೂಲಾ ನಕ್ಷತ್ರ ಬರುವುದು ಡಿಸೆಂಬರಿನ ಕೊನೆಯ ಭಾಗದಲ್ಲಿ. ಭೀಮಾ ತೀರದ ಕರಿನೆಲದಲ್ಲಿ ಹಿಂಗಾರಿ ಬಿಳಿಜೋಳ ಆಗ ಹೊಲದಲ್ಲಿ ನಿಂತಿರುತ್ತದೆ, ಚಳಿಗೆ ಕಾಳು ಕಟ್ಟದೆ ಹೋಗುವ ಭಯವೂ ಆಗಲೇ. ಬತ್ತದ ನಾಡಿನ ಕವಿಗೆ, ಕಾಶಿಯಲ್ಲಿ ಕೂತ ಪಂಡಿತನಿಗೆ ಈ ಹೊಂದಿಕೆ ಹೊಳೆಯುತ್ತಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಬದುಕು ಆಗಲೂ ಹಿಂಗಾರಿ ಜೋಳವನ್ನು ನಂಬಿತ್ತು ಎನ್ನಲು ಈ ಅಧ್ಯಾಯಕ್ಕಿಂತ ಹಳೆಯ, ಇಷ್ಟು ಹತ್ತಿರದ ಸಾಕ್ಷಿ ನನಗೆ ಕಾಣುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ. ಸರಸ್ವತಿ ಗಂಗಾಧರ ಬರೆದದ್ದು 16ನೆಯ ಶತಮಾನದಲ್ಲಿ, ಗುರು ಹೊರಟುಹೋಗಿ ಹಲವು ತಲೆಮಾರು ಕಳೆದ ಮೇಲೆ. ಹಾಗಾದರೆ ಎಮ್ಮೆಯ ಬಾಡಿಗೆ, ಜೋಳದ ಕರಾರು ಗುರುವಿನ ಕಾಲದವೋ, ಬರೆದವನ ಕಾಲದವೋ? ಬಹಳಷ್ಟು ಕಡೆ ಇದಕ್ಕೆ ಪ್ರಾಮಾಣಿಕ ಉತ್ತರ, ಎರಡರಲ್ಲಿ ಒಂದರದ್ದು ಎಂಬುದು. ಕಡಗಂಚಿಯವನು ತನ್ನ ಸುತ್ತಲಿನದನ್ನೇ ಹಿಂದಕ್ಕೆ ಹಚ್ಚಿದ್ದರೂ ಅದು ಇದೇ ಸೀಮೆಯ, ಸುಲ್ತಾನರ ಆಳ್ವಿಕೆಯ ಕಾಲದ ಚಿತ್ರ. ಚರಿತ್ರೆಗೆ ಅದೂ ಬೇಕು. ಆದರೆ ಒಂದು ಕಡೆ ಹೊರಗಿನ ದಾಖಲೆಯ ಜೊತೆ ಒರೆಗೆ ಹಚ್ಚಿ ನೋಡಲು ಸಾಧ್ಯವಿದೆ. 50ನೆಯ ಅಧ್ಯಾಯದಲ್ಲಿ ಬೀದರಿನ ಸುಲ್ತಾನ ತೊಡೆಯ ಮೇಲಿನ ವಾಸಿಯಾಗದ ಹುಣ್ಣಿನಿಂದ ನರಳುತ್ತ ಗಾಣಗಾಪುರಕ್ಕೆ ಬರುತ್ತಾನೆ. ಹಿಂದಿನ ಜನ್ಮದಲ್ಲಿ ಅವನು ಕುರವಪುರದಲ್ಲಿ ಗುರುವಿನ ಹಿಂದಿನ ಅವತಾರವಾದ ಶ್ರೀಪಾದ ಶ್ರೀವಲ್ಲಭರ ಸೇವೆ ಮಾಡಿದ ಅಗಸ. ಗುರು ಅವನನ್ನು ಗುರುತು ಹಿಡಿಯುವ ದೃಶ್ಯ ಇಡೀ ಗ್ರಂಥದಲ್ಲೇ ಹೆಸರಾದದ್ದು, ಎಲ್ಲರೂ ನೋಡುವುದು ಅದನ್ನೇ. ಅಂಚಿನಲ್ಲಿ ಮೂರು ಸಂಗತಿಗಳಿವೆ. ಒಂದು, ರಾಜನ ಊರು ಬೀದರ್. ಗಾಣಗಾಪುರಕ್ಕೆ ಹತ್ತಿರದ ದೊಡ್ಡ ಊರು ಕಲಬುರಗಿ, ಬಹಮನಿಗಳ ಮೊದಲ ರಾಜಧಾನಿ. ಕಿವಿಯಲ್ಲಿ ಕೇಳಿದ ಕಥೆಗೆ ಅದೇ ಸಾಕಾಗುತ್ತಿತ್ತು. ರಾಜಧಾನಿ ಬೀದರಿಗೆ ಹೋದದ್ದು 1420ರ ದಶಕದ ಸುಮಾರಿಗೆ, ಗುರು ಗಾಣಗಾಪುರದಲ್ಲಿ ಇದ್ದದ್ದು ಆಮೇಲೆ. ಎರಡು, ಹುಣ್ಣು. ಆಗ ಆಳುತ್ತಿದ್ದ ಎರಡನೆಯ ಅಲಾವುದ್ದೀನ್ ಅಹಮದ್ ಷಾ 1458ರಲ್ಲಿ ಕಾಲಿನ ಗಾಯ ವಿಷವಾಗಿ ತೀರಿಕೊಂಡನೆಂದು ಪರ್ಷಿಯನ್ ಚರಿತ್ರೆಗಳು ಹೇಳುತ್ತವೆ. ಬೀದರಿನಲ್ಲಿ ಬಡವರಿಗಾಗಿ ಆಸ್ಪತ್ರೆ ಕಟ್ಟಿಸಿ ಅದರ ಖರ್ಚಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟವನೂ ಅವನೇ.

ಮೂರನೆಯದು ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಗಟ್ಟಿ. ಸುಲ್ತಾನನ ಭೇಟಿಯ ಬಳಿಕ ಗುರು ಶ್ರೀಶೈಲಕ್ಕೆ ಹೊರಟರು, ಅದು ಬಹುಧಾನ್ಯ ಸಂವತ್ಸರದ ಮಾಘ ಮಾಸ ಎಂದು ಗ್ರಂಥ ಹೇಳುತ್ತದೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 1998-99 ಕೂಡ ಬಹುಧಾನ್ಯವೇ ಆಗಿತ್ತು. ಹಿಂದಕ್ಕೆ ಎಣಿಸುತ್ತ ಹೋದರೆ 1518-19, 1458-59, 1398-99 ಸಿಗುತ್ತವೆ. 1398ರಲ್ಲಿ ಬೀದರ್ ರಾಜಧಾನಿಯಾಗಿರಲಿಲ್ಲ. 1518ರ ಹೊತ್ತಿಗೆ ಬಹಮನಿ ಸುಲ್ತಾನ ಬರೀ ಹೆಸರಿಗಿದ್ದ, ಅಧಿಕಾರವೆಲ್ಲ ಮಂತ್ರಿ ಬರೀದನ ಕೈಯಲ್ಲಿತ್ತು. ಐದು ತಲೆಮಾರಿನ ವಂಶಾವಳಿಗೂ ಆ ವರ್ಷ ತೀರ ಹತ್ತಿರವಾಗುತ್ತದೆ. ಉಳಿಯುವುದು 1458-59 ಒಂದೇ. ಕಾಲಿನ ಗಾಯದ ಸುಲ್ತಾನ ಸತ್ತು ಮಗ ಹುಮಾಯೂನ್ ಪಟ್ಟಕ್ಕೆ ಬಂದದ್ದೂ 1458ರಲ್ಲೇ. ಸಂವತ್ಸರ, ಊರು, ಕಾಲು, ಈ ಮೂರನ್ನೂ ಯಾರೋ ಕೂತು ಹೊಂದಿಸಿದ್ದಾರೆ ಎನ್ನುವುದಕ್ಕಿಂತ, ಕಡಗಂಚಿಯ ಮನೆತನದಲ್ಲಿ ಒಂದು ನಿಜವಾದ ನೆನಪು ಕೈಯಿಂದ ಕೈಗೆ ಬಂದಿತ್ತು ಎನ್ನುವುದು ಸುಲಭವಾಗಿ ನಂಬುವ ಮಾತು. ಸುಲ್ತಾನ ಪರಿವಾರದೊಡನೆ ಬಂದು ಯತಿ ಎಲ್ಲಿ ಎಂದು ಕೇಳಿದಾಗ ಊರವರು ಹೆದರಿ ಬಾಯಿ ಬಿಡದೆ ನಿಂತರು ಎಂಬ ವರ್ಣನೆಗೂ ಆಗ ಬೇರೆ ತೂಕ ಬರುತ್ತದೆ. ಗುರುವಿನ ಮಹಿಮೆಗೆ ಆ ಹೆದರಿಕೆಯಿಂದ ಏನೂ ಸೇರುವುದಿಲ್ಲ. ರಾಜಪರಿವಾರ ಬಂದರೆ ಒಂದು ಹಳ್ಳಿಗೆ ಏನಾಗುತ್ತಿತ್ತು ಎಂಬುದು ಅದರಲ್ಲಿದೆ.

ಇನ್ನೊಂದು ಆಕ್ಷೇಪ ಸಂತಚರಿತ್ರೆಗಳ ಅಭ್ಯಾಸಿಗಳದು. ಇಂಥ ಗ್ರಂಥಗಳು ಒಂದು ಅಚ್ಚಿನಿಂದ ಬರುತ್ತವೆ. ಬಂಜೆಗೆ ಮಗು, ಸತ್ತವನಿಗೆ ಜೀವ, ಮೂವರ ಅಡುಗೆಯಲ್ಲಿ ಸಾವಿರಾರು ಜನರ ಊಟ ಎಲ್ಲೆಡೆಯೂ ಸಿಗುತ್ತವೆ, ಅವುಗಳಲ್ಲಿ ಊರಿನ ಚರಿತ್ರೆ ಹುಡುಕಬಾರದು ಎನ್ನುತ್ತಾರೆ. ಮಾತು ಅರ್ಧ ಸರಿ. ಕಾಶೀಯಾತ್ರೆಯ ವಿವರ, ಭಸ್ಮ ರುದ್ರಾಕ್ಷಿಗಳ ಮಹಿಮೆ ಪುರಾಣಗಳಿಂದ ಬಂದ ಸರಕು, ಅದರಲ್ಲಿ ಗಾಣಗಾಪುರವಿಲ್ಲ. ಆದರೆ ಅಚ್ಚು ಪವಾಡಕ್ಕಿದೆಯೇ ಹೊರತು ಅಂಚಿಗಿಲ್ಲ. ಫ್ರಾನ್ಸಿನ ಇತಿಹಾಸಕಾರ ಮಾರ್ಕ್ ಬ್ಲಾಕ್, 1944ರಲ್ಲಿ ನಾಜಿಗಳ ಗುಂಡಿಗೆ ಬಲಿಯಾಗುವ ಮುನ್ನ ಬರೆದು ಮುಗಿಸಲಾಗದೆ ಹೋದ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದಾನೆ. ಮಧ್ಯಯುಗದ ಸಂತರ ಚರಿತ್ರೆಗಳು ಆ ಸಂತರ ಬಗ್ಗೆ ನಂಬುವಂಥದ್ದನ್ನು ಹೇಳದಿದ್ದರೂ ಬರೆದವರ ಕಾಲದ ಬದುಕನ್ನು ತಮಗೇ ಅರಿವಿಲ್ಲದೆ ಹೇಳಿಬಿಡುತ್ತವೆ ಎಂಬುದು ಅವನ ನಿಲುವು. ನಾನು ಇದಕ್ಕೆ ಒಂದು ಪರೀಕ್ಷೆ ಸೇರಿಸುತ್ತೇನೆ: ಆ ವಿವರವನ್ನು ಕಿತ್ತುಹಾಕಿದರೂ ಪವಾಡ ನಿಲ್ಲುತ್ತದೆಯೇ? ನಿಲ್ಲುವುದಾದರೆ ಆ ವಿವರ ಬೇರೆ ಕಡೆಯಿಂದ, ಬಹುಮಟ್ಟಿಗೆ ಕಂಡದ್ದರಿಂದ ಬಂದಿದೆ. ಸವಳು ಮಣ್ಣು, ಎರಡು ಪಟ್ಟು ಧಾನ್ಯದ ಕರಾರು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಮಗ್ಗದ ಕೆಲಸ ಮುಗಿಸಿ ಬಂದು ಮಠದ ಅಂಗಳ ಗುಡಿಸುತ್ತಿದ್ದ ನೇಕಾರನೂ ಗೆಲ್ಲುತ್ತಾನೆ; ಅವನ ಮನೆಯವರು ಶಿವರಾತ್ರಿಗೆ ಶ್ರೀಶೈಲಕ್ಕೆ ನಡೆದುಹೋದರು ಎಂಬುದು ಭೀಮಾ ತೀರದಿಂದ ಮಲ್ಲಯ್ಯನ ಬೆಟ್ಟಕ್ಕೆ ಹೋಗುತ್ತಿದ್ದ ಹಳೆಯ ದಾರಿಯ ಗುರುತು.

ಭಕ್ತರ ಕಡೆಯಿಂದ ಬರುವ ಆಕ್ಷೇಪವನ್ನು ನಾನು ಇವೆರಡಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಪಾರಾಯಣ ಮಾಡುವವರಿಗೆ ಈ ಗ್ರಂಥ ಗುರುವಿನ ಶರೀರದಂತೆ ಪೂಜ್ಯ. ಅದರಲ್ಲಿ ಕಂದಾಯ, ಬಾಡಿಗೆ ಹುಡುಕುವುದು ಅದನ್ನು ಕಡತಕ್ಕೆ ಇಳಿಸಿದಂತೆ ಅಲ್ಲವೇ? ಬೇರೆ ಬಗೆಯಲ್ಲಿ ನೋಡಿ. ಎಮ್ಮೆಯ ಬಾಡಿಗೆಯನ್ನು ಗಮನಿಸದವನಿಗೆ ಗುರು ಯಾರ ಬಾಗಿಲಲ್ಲಿ ನಿಂತರು ಎಂಬುದೇ ಪೂರ್ತಿ ತಿಳಿಯುವುದಿಲ್ಲ. ಕೃಪೆಯ ಅಳತೆ ಗೊತ್ತಾಗಲು ಆ ಮನೆಯ ಕಷ್ಟದ ಅಳತೆ ಗೊತ್ತಿರಬೇಕು. ಕೆಲವು ಕಡೆ ಅಂಚು ನಮ್ಮನ್ನು ಕಲಕುತ್ತದೆ, ಅದೂ ನಿಜ. ವೇದದ ಗರ್ವದ ಇಬ್ಬರು ಬ್ರಾಹ್ಮಣರನ್ನು ಇಳಿಸಲು ಗುರು ದಾರಿಯಲ್ಲಿ ದೂರ ಹೋಗುತ್ತಿದ್ದ ಊರ ಹೊರಗಿನ ಕೇರಿಯವನೊಬ್ಬನನ್ನು ಕರೆಸಿ, ಏಳು ಗೆರೆ ದಾಟಿಸಿ, ಭಸ್ಮ ಹಚ್ಚಿ ಅವನ ಬಾಯಲ್ಲಿ ವೇದ ನುಡಿಸುತ್ತಾರೆ. ಎಲ್ಲರ ನೆನಪಲ್ಲಿ ಉಳಿಯುವುದು ಅಲ್ಲಿಯವರೆಗೆ. ಆಮೇಲೆ ಅವನ ಹೆಂಡತಿ ಮಕ್ಕಳು ಹುಡುಕಿಕೊಂಡು ಬರುತ್ತಾರೆ. ಅವನು ಮುಟ್ಟಬೇಡ ಎಂದು ಹೆಂಡತಿಯನ್ನು ದೂರ ಇಡುತ್ತಾನೆ, ಅವಳು ಮಕ್ಕಳನ್ನು ಹೇಗೆ ಸಾಕಲಿ ಎಂದು ಅಳುತ್ತಾಳೆ. ಕೊನೆಗೆ ಮೈಮೇಲೆ ನೀರು ಸುರಿಸುತ್ತಾರೆ, ಭಸ್ಮದ ಜೊತೆ ತಿಳಿವೂ ತೊಳೆದುಹೋಗಿ ಅವನು ಕೇರಿಗೆ ಮರಳುತ್ತಾನೆ. ಅಂದಿನ ಸಮಾಜ ಒಬ್ಬನನ್ನು ಎಷ್ಟು ಹೊತ್ತು ಎತ್ತಿಹಿಡಿಯಬಲ್ಲದಾಗಿತ್ತು, ಎಲ್ಲಿ ಮತ್ತೆ ಇಳಿಸಿಬಿಡುತ್ತಿತ್ತು ಎಂಬುದನ್ನು ಅಳುವ ಆ ಹೆಂಗಸು ಹೇಳುತ್ತಾಳೆ. ಅವಳನ್ನು ನೋಡದೆ ಹಾರಿಸಿ ಓದುವುದು ಭಕ್ತಿಯ ಲಕ್ಷಣವೆಂದು ನಾನು ಒಪ್ಪಲಾರೆ.

ಕೊನೆಯ ಸಾಕ್ಷಿ ಕನ್ನಡದವರೇ ಹೆಚ್ಚು ಮರೆತದ್ದು. ಗಾಣಗಾಪುರಕ್ಕೆ ಬರುವ ಭಕ್ತರಲ್ಲಿ ಬಹುಪಾಲು ಮಹಾರಾಷ್ಟ್ರದವರು, ಗ್ರಂಥ ಮರಾಠಿಯದು. ಈ ಊರಿನ ಹಿಂದಿನ ಕಥೆ ನಮ್ಮದಲ್ಲವೆಂಬ ಭಾವನೆ ಬೆಳೆದಿರುವುದು ಇದರಿಂದ. ಆದರೆ 41ನೆಯ ಅಧ್ಯಾಯದಲ್ಲಿ, ಸಾಯಂದೇವ ಗುರುವನ್ನು ಸ್ತುತಿಸುವಲ್ಲಿ, ಮರಾಠಿ ಓವಿಗಳ ನಡುವೆ ಕನ್ನಡ ಪದಗಳು ಇವೆ. ಮರಾಠಿ ಮಹಾನ್ ಗ್ರಂಥವೊಂದರ ಒಳಗೆ ನರಸಿಂಹ ಸರಸ್ವತಿಗಳನ್ನು ಕಂಡ ಸಂತೋಷವನ್ನು ಹೇಳುವ ಕನ್ನಡ ಹಾಡು! ಪುಣೆ, ನಾಗಪುರ, ಮುಂಬೈಗಳ ಮನೆಗಳಲ್ಲಿ ಸಪ್ತಾಹ ನಡೆದಾಗೆಲ್ಲ ಕನ್ನಡ ಬಾರದವರೂ ನಾಗರಿ ಲಿಪಿಯಲ್ಲಿ ಅದನ್ನು ಒಂದಕ್ಷರ ಬಿಡದೆ ಪಠಿಸುತ್ತ ಬಂದಿದ್ದಾರೆ. ಮರಾಠಿ ತನಗೆ ಸರಿಯಾಗಿ ಬಾರದೆಂದು ಸರಸ್ವತಿ ಗಂಗಾಧರ ಆರಂಭದಲ್ಲೇ ಹೇಳಿಕೊಂಡದ್ದನ್ನು ವಿನಯವೆಂದು ತಳ್ಳಿಹಾಕುವವರಿದ್ದಾರೆ. ಈ ಪದಗಳನ್ನು ಎದುರಿಗಿಟ್ಟುಕೊಂಡರೆ ಹಾಗೆ ತಳ್ಳಿಹಾಕಲಾಗದು. ಕಡಗಂಚಿಯಲ್ಲಿ ಮನೆಮಾತು ಒಂದು, ಬರೆಯುವ ಮಾತು ಇನ್ನೊಂದು, ಅರಮನೆಯ ಮಾತು ಪರ್ಷಿಯನ್. ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡೇ ಆ ಸೀಮೆ ಬದುಕಿತ್ತು. ಲಿಪಿಕಾರರ ಕೈಯಲ್ಲಿ, ಅರ್ಥವಾಗದವರ ನಾಲಗೆಯಲ್ಲಿ ಈ ಕನ್ನಡ ಎಷ್ಟೋ ಕಡೆ ಸವೆದು ಪದಗಳು ಒಂದರೊಳಗೊಂದು ಸೇರಿಹೋಗಿವೆ. ಹಸ್ತಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಅದರ ಶುದ್ಧ ಪಾಠವನ್ನು ಕಟ್ಟುವ ಕೆಲಸ ಕನ್ನಡ ಬಲ್ಲವರಿಂದಲೇ ಆಗಬೇಕು. ಕಡಗಂಚಿಯ ನೆಲದಲ್ಲೇ ಈಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಆ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಜಾಗ ಬೇರೊಂದಿಲ್ಲ.